ನಿಲ್ಲಿಸದಿದ್ದರೆ

ಫೆಬ್ರವರಿ ೬

ಟೀಚರಮ್ಮನವರಿಗೆ,

ನಿನ್ನ ಅಮ್ಮ ಈ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಲು ಹೊರಟಿದ್ದಾಳೆ. ನಗುವುದಿದ್ದರೆ ನಕ್ಕು ಮುಗಿಸಿ ಮುಂದೆ ಓದು.

ಹೋದ ಭಾನುವಾರ ಫೋನಿನಲ್ಲಿ ಎಲ್ಲಾ ಚೆನ್ನಾಗಿದೆ ಅಂದಿದ್ದೆ. ಚೆನ್ನಾಗಿಲ್ಲ. ಕಳೆದ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ನಾನು ರೋಪ್‌ವೇ ನಿಲ್ಲಿಸಿದೆ. ನಾನು ಓಡಿಸುವ ಬಗೆ ನಿನಗೆ ಗೊತ್ತು. ಬಲಗೈ ಬ್ರೇಕಿನ ಮೇಲೆ, ಎಡಗೈ ಸೀಟಿನ ಪಕ್ಕದ ಕಬ್ಬಿಣದ ಕಂಬದ ಮೇಲೆ. ಮೇಲೆ ತಂತಿ ಹಗ್ಗ ಓಡುತ್ತಿದ್ದರೆ ಕಂಬ ಅಂಗೈಗೆ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ. ಆ ಸೀಟಿನಲ್ಲಿ ಮೊದಲು ಕೂತಿದ್ದ ನಿಮ್ಮಪ್ಪ ಕಲಿಸಿಕೊಟ್ಟ ಅಭ್ಯಾಸ ಅದು. ಅವತ್ತು ಆ ಗುಂಯ್ ನಡುವೆ ಏನೋ ತಪ್ಪಿತು, ಊಟದ ನಡುವೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಮೂರನೆಯದಕ್ಕೆ ಕಾಯದೆ ಬ್ರೇಕ್ ಎಳೆದುಬಿಟ್ಟೆ.

ನಿಲ್ಲಿಸುವುದು ನನ್ನ ಕೈಯಲ್ಲಿದೆ, ಮತ್ತೆ ಹೊರಡಿಸುವುದು ಇಲ್ಲ. ಒಮ್ಮೆ ನಿಂತರೆ ಮೆಕ್ಯಾನಿಕ್ ಒಂದೊಂದೇ ಗೋಪುರ ಹತ್ತಿ ನೋಡಿ ಬಾವುಟ ಬೀಸುವವರೆಗೆ ಒಂದು ತೊಟ್ಟಿಲೂ ಅಲುಗುವಂತಿಲ್ಲ. ನಮ್ಮ ಗ್ರೀಸಣ್ಣ ಹತ್ತಿದ, ಇಳಿದ, ಮತ್ತೆ ಹತ್ತಿದ. ಅಷ್ಟು ಹೊತ್ತೂ ಜನ ಕೂತ ತೊಟ್ಟಿಲುಗಳು ಬಿಸಿಲಿನಲ್ಲಿ ಕಣಿವೆಯ ಮೇಲೆ ತೂಗಾಡುತ್ತಿದ್ದವು. ಕೊನೆಗೆ ಬಂದು, "ಅಕ್ಕಾ, ಎಲ್ಲಾ ಸರಿಯಾಗೇ ಇದೆಯಲ್ಲಾ" ಅಂದ.

ಒಂದು ತೊಟ್ಟಿಲಿನಲ್ಲಿ ಗಡಿಯಾರ ರಿಪೇರಿಯವರು, ಹೆಂಡತಿಯ ಜೊತೆ ಇದ್ದರು. ತೊಟ್ಟಿಲು ನಿಂತಿದ್ದಾಗಲೇ ಅವರಿಗೆ ಮೈಯ ಒಂದು ಪಕ್ಕ ಬಿದ್ದುಹೋಗಿದೆ. ಬೇಗ ಕರೆತಂದಿದ್ದರೆ ಕೈ ಉಳಿಯುತ್ತಿತ್ತು ಅಂದರಂತೆ ಡಾಕ್ಟರು. ಗಡಿಯಾರ ರಿಪೇರಿಯವರಿಗೆ ಕೈ ಅಂದರೆ ಏನು ಅಂತ ಯೋಚಿಸು.

ಈಗ ವಿಚಾರಣೆ. ಅದು ಮುಗಿಯುವವರೆಗೆ ನಾನು ಮನೆಯಲ್ಲಿ. ಕಂಪನಿಯವರು ಹೊರದೇಶದಿಂದ ಒಬ್ಬ ಎಂಜಿನಿಯರನ್ನು ಕರೆಸುತ್ತಿದ್ದಾರೆ, ಅವರಿಗೆ ಇಂಗ್ಲಿಷ್ ಒಂದೇ ಬರುವುದು. ಮ್ಯಾನೇಜರು, "ನೀವು ನಮ್ಮ ಭಾಷೇಲೇ ಹೇಳಿಮ್ಮಾ, ನಾನು ಅವರಿಗೆ ತಿಳಿಸ್ತೀನಿ" ಅಂದರು. ಆಪರೇಟರ್ ಸುಮ್ಮನೆ ಹೆದರಿಕೊಂಡಳು ಅಂತ ಮೇಲಿನವರಿಗೆ ಆಗಲೇ ಹೇಳಿಬಿಟ್ಟಿರುವವರೂ ಅವರೇ. ನನ್ನ ಮಾತು ಅವರ ಬಾಯಿಯಿಂದ ಏನಾಗಿ ಹೊರಬೀಳುತ್ತದೋ. ಅದಕ್ಕೇ ನಾನೇ ಹೇಳಬೇಕು. ಫೋನಿನಲ್ಲಿ ಕಲಿಸಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೇನೆ. ಬರೆದು ಕಳಿಸು, ಇಂಗ್ಲಿಷನ್ನೂ ನಮ್ಮ ಅಕ್ಷರದಲ್ಲೇ ಬರೆ.

ಆ ಸೀಟು ಹೋದರೆ ನನಗೆ ಬೇರೆ ಏನೂ ಬರುವುದಿಲ್ಲ.

ನಿನ್ನ ಅಮ್ಮ


ಫೆಬ್ರವರಿ ೧೫

ಅಮ್ಮಾ,

ಇಷ್ಟೆಲ್ಲ ನಡೆದು, ನಡುವೆ ಫೋನಿನಲ್ಲಿ ಚಳಿ ಕಡಿಮೆಯಾಯಿತು, ಟೊಮೆಟೊ ಕೊಳೆಯಿತು ಅಂತ ಮಾತಾಡಿದೆಯಲ್ಲ. ಆಗಲಿ, ನಮ್ಮಿಬ್ಬರಿಗೂ ಅದು ಅಭ್ಯಾಸವಾಗಿದೆ. ಪಾಠಕ್ಕೆ ಬರುತ್ತೇನೆ.

ವಿಚಾರಣೆಯಲ್ಲಿ ಅವರು ಏನೇ ಕೇಳಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ: ನೀವು ನಿಲ್ಲಿಸದಿದ್ದರೆ ಏನಾಗುತ್ತಿತ್ತು? ಇಂಗ್ಲಿಷಿನಲ್ಲಿ ಇದಕ್ಕೆ ಎರಡು ತುಂಡಿನ ವಾಕ್ಯ ಬೇಕು. ಮೊದಲ ತುಂಡಿಗೆ ‘ಇಫ್’ ಮತ್ತು ‘ಹ್ಯಾಡ್’, ಎರಡನೆಯದಕ್ಕೆ ‘ವುಡ್ ಹ್ಯಾವ್’. ಇಫ್ ಐ ಹ್ಯಾಡ್ ನಾಟ್ ಸ್ಟಾಪ್ಡ್, ಅಂದರೆ ನಾನು ನಿಲ್ಲಿಸದಿದ್ದರೆ. ದಿ ರೋಪ್ ವುಡ್ ಹ್ಯಾವ್ ಬ್ರೋಕನ್, ಹಗ್ಗ ಹರಿದುಹೋಗಿರುತ್ತಿತ್ತು. ಗಮನಿಸು, ಎರಡೂ ನಡೆಯಲಿಲ್ಲ. ನಡೆಯದ ಒಂದಕ್ಕೆ ನಡೆಯದ ಇನ್ನೊಂದನ್ನು ಗಂಟು ಹಾಕುವುದು. ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನಬಹುದಿತ್ತು ಅನ್ನುತ್ತೀಯಲ್ಲ, ಅದೇ ಜಾತಿ. ನಮ್ಮ ಶಾಲೆಯ ಮಕ್ಕಳು ಎರಡು ತುಂಡಿಗೂ ‘ವುಡ್’ ಹಾಕಿಬಿಡುತ್ತಾರೆ. ನೀನೂ ಹಾಕುತ್ತೀಯ, ನೋಡುತ್ತಿರು.

ಅಡುಗೆ ಮಾಡುವಾಗ, ಬಟ್ಟೆ ಒಣಹಾಕುವಾಗ, ಕಣ್ಣಿಗೆ ಕಂಡದ್ದರ ಮೇಲೆಲ್ಲ ಇಂಥ ವಾಕ್ಯ ಕಟ್ಟಿ ಕಳಿಸು. ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ, ಬೇಜಾರು ಮಾಡಿಕೊಳ್ಳಬಾರದು.

ಇಲ್ಲಿ ಪರೀಕ್ಷೆಗಳ ಗಡಿಬಿಡಿ.

ನಿನ್ನ ಮಗಳು


ಫೆಬ್ರವರಿ ೨೫

ಟೀಚರಮ್ಮನವರಿಗೆ,

ಹೋಮ್‌ವರ್ಕ್ ಕೆಳಗಿದೆ.

ಇಫ್ ಐ ಹ್ಯಾಡ್ ಶಟ್ ದಿ ಡೋರ್, ದಿ ಕ್ಯಾಟ್ ವುಡ್ ನಾಟ್ ಹ್ಯಾವ್ ಡ್ರಂಕ್ ದಿ ಮಿಲ್ಕ್. ಇದು ನಿಜವಾಗಿ ನಡೆದದ್ದು. ಹಾಲು ಹೋಯಿತು, ವಾಕ್ಯ ಉಳಿಯಿತು.

ಇಫ್ ದಿ ಮ್ಯಾನೇಜರ್ ವುಡ್ ಹ್ಯಾವ್ ಹ್ಯಾಂಡ್ಸ್ ಲೈಕ್ ಮಿ, ಹಿ ವುಡ್ ಹ್ಯಾವ್ ಸ್ಟಾಪ್ಡ್. ಇದರಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಅನ್ನಿಸುತ್ತದೆ, ಆದರೆ ಬರೆಯುವಾಗ ಮನಸ್ಸಿಗೆ ಹಿತವಾಯಿತು.

ಗ್ರೀಸಣ್ಣ ದಿನಾ ಸಂಜೆ ಬಂದು ಕೂರುತ್ತಾನೆ. ಪಾಪ, ಅವನೂ ಅಡಕತ್ತರಿಯಲ್ಲಿ ಸಿಕ್ಕಿದ್ದಾನೆ. ಏನೋ ಇತ್ತು ಅಂದರೆ ಅವನ ಕಣ್ಣಿನ ತಪ್ಪು, ಏನೂ ಇರಲಿಲ್ಲ ಅಂದರೆ ನನ್ನ ಕೈಯ ತಪ್ಪು. "ಅಕ್ಕಾ, ಹಗ್ಗ ಹರಿದೇ ಹೋಗ್ತಿತ್ತು ಅಂತ ಗಟ್ಟಿಯಾಗಿ ಹೇಳ್ಬಿಡಿ. ಹೋಗ್ತಿರಲಿಲ್ಲ ಅಂತ ಯಾರು ಸಾಬೀತು ಮಾಡ್ತಾರೆ?" ಅನ್ನುತ್ತಾನೆ. ಅವನ ಮಾತು ಕೇಳಿದರೆ ಧೈರ್ಯ ಬರುತ್ತದೆ, ಅವನು ಎದ್ದು ಹೋದರೆ ಹೋಗುತ್ತದೆ.

ಆಸ್ಪತ್ರೆಗೆ ಹೋಗಿದ್ದೆ. ಹೋಗಬೇಡಿ ಅಂತ ಮ್ಯಾನೇಜರು ಹೇಳಿದ್ದರು. ಗಡಿಯಾರದವರು ಮಲಗಿದ್ದರು. ಬಲಗೈ ಹೊದಿಕೆಯ ಮೇಲೆ ಯಾರದೋ ಕೈ ತಂದಿಟ್ಟ ಹಾಗೆ ಬಿದ್ದಿತ್ತು. ಹೆಂಡತಿ ಕಿತ್ತಳೆ ಸುಲಿಯುತ್ತಿದ್ದರು. ನಾನು ಯಾರು ಅಂತ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಂದು ತೊಳೆ ಬಿಡಿಸಿ ನನ್ನ ಕೈಗೂ ಕೊಟ್ಟು, "ನೀವು ನಿಲ್ಲಿಸದೇ ಇದ್ದಿದ್ರೆ ಇವರು ಆ ತುದಿಯಲ್ಲಿ ಇಳಿದು, ಟೀ ಕುಡಿದು, ಮನೆಗೆ ಬಂದಿರ್ತಿದ್ರು" ಅಂದರು. ಸುಮ್ಮನೆ ಅಂದರು, ನಾಳೆ ಬಟ್ಟೆ ಒಗೆಯಬೇಕು ಅಂದ ಹಾಗೆ.

ತೊಳೆ ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ಪರೀಕ್ಷೆಗಳ ಗಡಿಬಿಡಿ ಅಂತ ನೀನು ಬರೆದಿದ್ದೆ. ನಾನು ಏನೂ ಕೇಳಿರಲಿಲ್ಲವಲ್ಲ.

ನಿನ್ನ ಅಮ್ಮ


ಮಾರ್ಚ್ ೮

ಅಮ್ಮಾ,

ಬೆಕ್ಕಿಗೆ ಪೂರ್ತಿ ಅಂಕ. ಮ್ಯಾನೇಜರಿಗೆ ಸೊನ್ನೆ. ಮೊದಲ ತುಂಡಿನಲ್ಲಿ ‘ವುಡ್’ ಬರಬಾರದು ಅಂತ ಹೇಳಿರಲಿಲ್ಲವೇ? ಇಫ್ ದಿ ಮ್ಯಾನೇಜರ್ ಹ್ಯಾಡ್ ಹ್ಯಾಡ್. ಹೌದು, ಎರಡು ಸಲ. ನಾನು ಮಾಡಿದ ಭಾಷೆಯಲ್ಲ, ನನ್ನನ್ನು ಬೈಯಬೇಡ.

ಇವತ್ತಿನ ಪಾಠ ಮುಖ್ಯವಾದದ್ದು. ‘ವುಡ್ ಹ್ಯಾವ್’ ಅಂದರೆ ಖಂಡಿತ ಹಾಗೇ ಆಗುತ್ತಿತ್ತು. ‘ಮೈಟ್ ಹ್ಯಾವ್’ ಅಂದರೆ ಆಗಿದ್ದರೂ ಆಗಿರಬಹುದಿತ್ತು. ಗ್ರೀಸಣ್ಣ ಹೇಳಿಕೊಡುತ್ತಿರುವುದು ಮೊದಲನೆಯದನ್ನು. ಅವನು ಒಳ್ಳೆಯವನು, ಆದರೆ ಅಲ್ಲಿ ನಿಂತು ಹೇಳುವವಳು ನೀನು. ಯಾವುದನ್ನು ಹೇಳಬೇಕು ಅಂತ ನಾನು ಹೇಳಿಕೊಡಲಾರೆ. ಎರಡನ್ನೂ ಕಲಿತುಕೋ.

ತುಂಬಲು ಒಂದು ವಾಕ್ಯ ಕೊಡುತ್ತಿದ್ದೇನೆ. ಮೊದಲ ತುಂಡು ನನ್ನದು, ಎರಡನೆಯದು ನಿನ್ನದು.

ಇಫ್ ಯೂ ಹ್ಯಾಡ್ ನಾಟ್ ಸ್ಟಾಪ್ಡ್ ಮೈ ವೆಡ್ಡಿಂಗ್, ಐ . . . . . . . . . .

ತಪ್ಪು ತಿಳಿಯಬೇಡ. ಅಭ್ಯಾಸಕ್ಕೆ ಅಷ್ಟೇ.

ಮಗಳು


ಮಾರ್ಚ್ ೨೦

ಮಗಳೇ,

ನಿನ್ನ ವಾಕ್ಯವನ್ನು ಹಾಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ತುಂಬಲಿಲ್ಲ. ಪೆನ್ನು ಹಿಡಿದು ಕೂತಿದ್ದೆ, ಕೂತೇ ಇದ್ದೆ.

ಅಭ್ಯಾಸಕ್ಕೆ ಅಂತ ಬರೆದಿದ್ದೀಯ. ಮೂರು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಅಭ್ಯಾಸ ಅನ್ನುತ್ತಾರೆಯೇ? ನೇರವಾಗಿ ಕೇಳಬಹುದಿತ್ತು. ನಾನೇನು ಪರಕೀಯಳಲ್ಲ.

ನೀನು ಕೇಳದಿದ್ದರೂ ಹೇಳುತ್ತೇನೆ. ಬಣ್ಣದ ಅಂಗಡಿಯವರ ಮಗನನ್ನು ಮೊನ್ನೆ ನೋಡಿದೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಆ ಕೂಸು ಅವನ ಕಿವಿ ಹಿಡಿದು ಸವಾರಿ ಮಾಡುತ್ತಿತ್ತು. ಹೆಂಡತಿ ಪಕ್ಕದಲ್ಲಿ ನಗುತ್ತಿದ್ದಳು. ನನ್ನನ್ನು ಕಂಡು ನಿಂತು, "ಚೆನ್ನಾಗಿದ್ದೀರಾ ಅಮ್ಮ?" ಅಂತ ಕೇಳಿದ. ಕುಹಕವಿಲ್ಲ, ಏನಿಲ್ಲ. ಅವನು ಕುಡುಕನಾಗಿದ್ದಾನೆ, ಹೆಂಡತಿಯನ್ನು ಹೊಡೆಯುತ್ತಾನೆ ಅಂತ ಯಾರಾದರೂ ಬಂದು ಹೇಳಲಿ ಅಂತ ಈ ಮೂರು ವರ್ಷ ಎಷ್ಟು ಕಾದಿದ್ದೇನೆ ಗೊತ್ತಾ? ಯಾರೂ ಹೇಳಲಿಲ್ಲ. ಗೋಪುರ ಹತ್ತಿ ನೋಡಿದರೂ ಏನೂ ಸಿಗಲಿಲ್ಲ.

ಅವತ್ತು ಅವನು ನಮ್ಮ ಮನೆಯಲ್ಲಿ ನಿನ್ನ ಪಕ್ಕ ಕೂತು ಮಾತಾಡುತ್ತಿದ್ದಾಗ ನನ್ನ ಎದೆಯಲ್ಲಿ ಏನೋ ತಪ್ಪಿತು. ಏನು ಅಂತ ಕೇಳಿದರೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಬೇಡ ಅಂದೆ. ನೀನು ಅತ್ತುಬಿಟ್ಟೆ, ಆಮೇಲೆ ಸರಿ ಅಂದೆ. ನೀನು ಹಟ ಹಿಡಿದಿದ್ದರೆ ನಾನು ಬಿಟ್ಟುಕೊಡುತ್ತಿದ್ದೆ ಅನ್ನಿಸುತ್ತದೆ. ನೋಡು, ನಿನ್ನ ಪಾಠ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದೆ.

ಗಡಿಯಾರದವರ ಹೆಂಡತಿಯದೂ ನಿನ್ನದೂ ಒಂದೇ ಪ್ರಶ್ನೆ.

ಅಮ್ಮ


ಏಪ್ರಿಲ್ ೧೯

ಅಮ್ಮಾ,

ಒಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಮೊದಲ ಸಾಲು ಬರೆದು ಹರಿದು ಹಾಕಿದ್ದೇನೆ. ನೀನು ಫೋನ್ ಎತ್ತುತ್ತಿಲ್ಲ. ಪಕ್ಕದ ಮನೆಯ ಅತ್ತೆಗೆ ಫೋನ್ ಮಾಡಿದರೆ "ಇದ್ದಾಳಮ್ಮಾ, ಮೊನ್ನೆ ಹೊಸ ಸೀರೆ ಉಟ್ಟುಕೊಂಡು ಆಫೀಸಿಗೆ ಹೋಗಿದ್ಲು" ಅಂದರು. ವಿಚಾರಣೆ ಮುಗಿದೇ ಹೋಯಿತಾ? ಯಾವತ್ತು ಅಂತಲೂ ನನಗೆ ಹೇಳಲಿಲ್ಲ.

ಹೇಳಿದ್ದರೆ ಬರುತ್ತಿದ್ದೆನಾ? ಗೊತ್ತಿಲ್ಲ. ನೀನು ಕರೆಯಲಿಲ್ಲ, ನಾನು ಬರುತ್ತೇನೆ ಅನ್ನಲಿಲ್ಲ. ಪರೀಕ್ಷೆಯ ಗಡಿಬಿಡಿ ಅಂತ ಬರೆಯುವಾಗಲೇ ಅದು ನೆಪ ಅಂತ ನನಗೆ ಗೊತ್ತಿತ್ತು. ತರಗತಿಯಲ್ಲಿ ಮಕ್ಕಳಿಗೆ ಇದೇ ಪಾಠ ಮಾಡುತ್ತಾ ನಡುವೆ ನಿಂತುಬಿಡುತ್ತೇನೆ. ಮುಂದಿನ ಬೆಂಚಿನ ವಾಚಾಳಿಯೊಬ್ಬಳು "ಮಿಸ್, ಉಳಿದರ್ಧ ಹೇಳಿ" ಅನ್ನುತ್ತಾಳೆ.

ಏನಾಯಿತು ಬರೆ. ಒಂದೇ ಸಾಲು ಸಾಕು.

ನಿನ್ನ ಮಗಳು


ಮೇ ೩

ಮಗಳೇ,

ಕೋಪಕ್ಕೆ ಫೋನ್ ಎತ್ತಲಿಲ್ಲ ಅಂದುಕೊಳ್ಳಬೇಡ. ನಿನ್ನ ದನಿ ಕೇಳಿದರೆ ಬಾ ಅಂದುಬಿಡುತ್ತಿದ್ದೆ. ಅದಕ್ಕೆ ಎತ್ತಲಿಲ್ಲ.

ವಿಚಾರಣೆ ಟಿಕೆಟ್ ಕೌಂಟರಿನ ಹಿಂದಿನ ಕೋಣೆಯಲ್ಲಿ ನಡೆಯಿತು. ಎಂಜಿನಿಯರ್ ಹೆಂಗಸು, ನಿನಗಿಂತ ಸ್ವಲ್ಪ ದೊಡ್ಡವಳಿರಬಹುದು, ಮೂಗು ಬಿಸಿಲಿಗೆ ಕೆಂಪಾಗಿತ್ತು. ಒಳ್ಳೆಯ ಮಾತು, ನಿಧಾನಕ್ಕೆ ಕೇಳಿದಳು. ನೀನು ಹೇಳಿದ ಪ್ರಶ್ನೆಯೇ ಬಂತು, ಎರಡೂ ತುಂಡು ನನಗೆ ತಿಳಿಯಿತು. ಅಷ್ಟರಲ್ಲಿ ಮ್ಯಾನೇಜರು ನನ್ನ ಕಡೆ ತಿರುಗಿ, "ನಿಲ್ಲಿಸದೇ ಇದ್ದಿದ್ರೆ ಏನೂ ಆಗ್ತಿರಲಿಲ್ಲ ಅಲ್ವಾ ಅಂತ ಕೇಳ್ತಿದ್ದಾರೆ" ಅಂದರು. ನಾನು, "ಹಾಗೆ ಕೇಳಲಿಲ್ಲ ಸಾರ್, ಏನಾಗ್ತಿತ್ತು ಅಂತ ಕೇಳಿದ್ರು" ಅಂದೆ. ಅವರು ನಕ್ಕು, "ಎಲ್ಲಾ ಒಂದೇ ಅಲ್ವೇನಮ್ಮಾ" ಅಂದರು.

ನಿನ್ನ ವಾಕ್ಯ ನಾಲಿಗೆಯ ತುದಿಯಲ್ಲಿ ಕೂತಿತ್ತು. ದಿ ರೋಪ್ ವುಡ್ ಹ್ಯಾವ್ ಬ್ರೋಕನ್. ಗ್ರೀಸಣ್ಣ ಬಾಗಿಲ ಹತ್ತಿರ ನಿಂತು ಹೇಳಿ ಹೇಳಿ ಅಂತ ಕಣ್ಣಲ್ಲೇ ತಳ್ಳುತ್ತಿದ್ದ. ಆದರೆ ಗೋಡೆಯ ಪಕ್ಕದ ಬೆಂಚಿನಲ್ಲಿ ಗಡಿಯಾರದವರ ಹೆಂಡತಿ ಕೂತಿದ್ದರು, ಗಂಡನ ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು. ಗಂಡ ಈಗ ಕೋಲು ಹಿಡಿದು ಬಾಗಿಲವರೆಗೆ ನಡೆಯುತ್ತಾರಂತೆ, ಬಲಗೈ ಮಾತ್ರ ಬರಲೇ ಇಲ್ಲ. ಆ ಕೋಲಿನ ಮುಂದೆ ಖಂಡಿತ ಅನ್ನುವ ಮಾತು ಹೊರಡಲಿಲ್ಲ. ಹೊಸದಾಗಿ ವಾಕ್ಯ ಕಟ್ಟಿದೆ. ಐ ಡು ನಾಟ್ ನೋ. ಮೈ ಹ್ಯಾಂಡ್ ಸೆಡ್ ಸ್ಟಾಪ್. ಐ ಸ್ಟಾಪ್ಡ್.

ಗ್ರೀಸಣ್ಣ ತಲೆ ಮೇಲೆ ಕೈ ಹೊತ್ತುಕೊಂಡ. ಎಂಜಿನಿಯರ್ ಬರೆದುಕೊಂಡಳು. ಗಡಿಯಾರದವರ ಹೆಂಡತಿ ನನ್ನನ್ನು ಒಂದು ಸಲ ನೋಡಿ, ಎದ್ದು ಹೋದರು. ಆ ನೋಟ ಏನು ಅಂತ ನನಗೆ ಇನ್ನೂ ಬಗೆಹರಿದಿಲ್ಲ.

ಸೀಟು ವಾಪಸ್ ಸಿಕ್ಕಿದೆ. ಖುಷಿಪಡಬೇಡ. ಇನ್ನೊಂದು ಸಲ ಕಾರಣ ಸಿಗದ ಹಾಗೆ ನಿಲ್ಲಿಸಿದರೆ ಸೀಟು ಬಿಟ್ಟು ಟಿಕೆಟ್ ಹರಿಯಲು ಕೂರಬೇಕು ಅಂತ ಮ್ಯಾನೇಜರು ಮುಖಕ್ಕೆ ಹೇಳಿದ್ದಾರೆ. ಎಂಜಿನಿಯರ್ ಹಾಗೆ ಬರೆದಳೋ ಇವರೇ ಸೇರಿಸಿಕೊಂಡರೋ ನನಗೆ ತಿಳಿಯದು.

ನಿನಗೆ ಮಾತ್ರ ಹೇಳುತ್ತೇನೆ, ಗ್ರೀಸಣ್ಣನಿಗೂ ಹೇಳಿಲ್ಲ. ಸೀಟಿಗೆ ಕೂತ ದಿನದಿಂದ ನಾನು ಕಂಬದ ಮೇಲೆ ಕೈ ಇಟ್ಟಿಲ್ಲ. ಎಡಗೈ ಮಡಿಲಲ್ಲಿ ಇರುತ್ತದೆ. ಇಟ್ಟರೆ ಏನಾದರೂ ಕೇಳಿಸಿಬಿಡುತ್ತದೇನೋ ಅಂತ ಭಯ. ತೊಟ್ಟಿಲುಗಳು ಹೋಗುತ್ತವೆ, ಬರುತ್ತವೆ. ಜನ ಇಳಿದು ಥ್ಯಾಂಕ್ಸ್ ಅನ್ನುತ್ತಾರೆ. ನಾನು ಕಣ್ಣು ಕಟ್ಟಿಕೊಂಡು ಓಡಿಸುತ್ತಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ.

ನಿನ್ನ ಅಮ್ಮ


ಮೇ ೧೨

ಅಮ್ಮಾ,

ಪಾಠ ಮುಗಿಯಿತು, ಇನ್ನು ವ್ಯಾಕರಣ ಇಲ್ಲ.

ನೀನು ಕಂಬದಿಂದ ಕೈ ತೆಗೆದು ಓಡಿಸುತ್ತಿದ್ದೀಯ ಅಂತ ಓದಿ, ಪತ್ರವನ್ನು ಮತ್ತೆ ಮೊದಲಿನಿಂದ ಓದಿದೆ. ಚಿಕ್ಕವಳಿದ್ದಾಗ ನಾನು ಆ ಕೋಣೆಯ ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಲೆಕ್ಕ ತಪ್ಪಾದಾಗ ತಲೆ ಎತ್ತಿ ನೋಡುತ್ತಿದ್ದೆ. ನಿನ್ನ ಎಡಗೈ ಕಂಬದ ಮೇಲೆ ಇರುತ್ತಿತ್ತು, ಮತ್ತೆ ಲೆಕ್ಕಕ್ಕೆ ಬಗ್ಗುತ್ತಿದ್ದೆ. ನನ್ನ ಮದುವೆ ನಿಲ್ಲಿಸಿದ್ದಕ್ಕೆ ನಿನ್ನ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನ ಕೈ ಮಡಿಲಲ್ಲಿ ಇರುವುದನ್ನು ನಾನು ಯಾವತ್ತೂ ಬಯಸಲಿಲ್ಲ.

ಕೋಪ ಬರಿಸುವ ಮಾತೊಂದು ಹೇಳುತ್ತೇನೆ. ಮುಂದಿನ ವಾರ ನನಗೆ ರಜೆ. ಬರುತ್ತೇನೆ. ಕೆಳಗಿನ ಊರಿನಲ್ಲಿ ಬಸ್ಸಿಳಿದು ಟಿಕೆಟ್ ತೆಗೆದುಕೊಂಡು, ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ತೊಟ್ಟಿಲು ಹತ್ತಿ ಮೇಲೆ ಬರುತ್ತೇನೆ. ಯಾವ ದಿನ, ಯಾವ ಹೊತ್ತು ಅಂತ ಹೇಳುವುದಿಲ್ಲ. ಮುಂದಿನ ವಾರವಿಡೀ ನಿನ್ನ ಮುಂದೆ ಹಾದುಹೋಗುವ ಯಾವ ತೊಟ್ಟಿಲಿನಲ್ಲಿ ಬೇಕಾದರೂ ನಾನಿರಬಹುದು.

ಈಗ ಕೈ ಎಲ್ಲಿ ಇಡುತ್ತೀಯೋ ನೀನೇ ನೋಡಿಕೋ.

ಮಗಳು


ಮೇ ೨೧, ಮಧ್ಯಾಹ್ನ

ಅಮ್ಮಾ,

ಇದನ್ನು ಪೆನ್ಸಿಲಿನಲ್ಲಿ, ತಿದ್ದಿದ ಉತ್ತರ ಪತ್ರಿಕೆಯೊಂದರ ಹಿಂದೆ ಬರೆಯುತ್ತಿದ್ದೇನೆ. ಅಕ್ಷರ ಓಲಾಡಿದ್ದರೆ ಅದು ನನ್ನ ತಪ್ಪಲ್ಲ, ಗಾಳಿಯದು. ಕೈಯಾರೆ ಕೊಡುತ್ತೇನೆ, ಅಂಚೆಗೆ ಹಾಕುವುದಿಲ್ಲ. ಎದುರಿಗೆ ನಿಂತರೆ ನಾವಿಬ್ಬರೂ ಮತ್ತೆ ಟೊಮೆಟೊ ಬಗ್ಗೆ ಮಾತಾಡುತ್ತೇವೆ, ನನಗೆ ಗೊತ್ತು.

ನಿಂತಿದೆ. ಕಣಿವೆಯ ನಡುವೆ, ದೊಡ್ಡ ಗೋಪುರ ದಾಟಿದ ಮೇಲೆ. ಮೊದಲು ಒಂದು ಎಳೆತ, ಆಮೇಲೆ ತೂಗಾಟ, ಆಮೇಲೆ ಏನೂ ಇಲ್ಲ. ಗಾಳಿ ಇಷ್ಟು ಜೋರಾಗಿ ಕೇಳಿಸುತ್ತದೆ ಅಂತ ಗೊತ್ತಿರಲಿಲ್ಲ. ಕೆಳಗೆ ಕಾಲುವೆ ದಾರದ ಎಳೆಯಷ್ಟು ಕಾಣುತ್ತಿದೆ. ನೋಡುವುದನ್ನು ಬಿಟ್ಟಿದ್ದೇನೆ.

ನನ್ನ ಜೊತೆ ಮೂವರಿದ್ದಾರೆ. ಕೇಕಿನ ಡಬ್ಬಿ ಹಿಡಿದ ಒಬ್ಬರು ದಪ್ಪ ಯಜಮಾನರು, ಒಬ್ಬ ತಾಯಿ, ಆಕೆಯ ತೊಡೆಯ ಮೇಲೆ ಕೂಸು. ಕೂಸು ಒಂದೇ ಮಜಾ ತೆಗೆದುಕೊಳ್ಳುತ್ತಿರುವುದು. ಯಜಮಾನರಿಗೆ ಬೆವರು. ಅವರನ್ನು ನೋಡಿದಾಗಲೆಲ್ಲ ಗಡಿಯಾರದವರು ನೆನಪಾಗಿ, ಕಿಟಕಿ ಪಕ್ಕ ಕೂರಿಸಿ, ಕಾಲರ್ ಸಡಿಲ ಮಾಡಿಸಿ, ನನ್ನ ನೀರಿನ ಬಾಟಲಿ ಕೊಟ್ಟಿದ್ದೇನೆ. ಈಗ ಪರವಾಗಿಲ್ಲ ಅನ್ನುತ್ತಿದ್ದಾರೆ. ನಾನು ಅವರ ಮುಖ ನೋಡುತ್ತಲೇ ಇದ್ದೇನೆ.

ನಿಜ ಹೇಳಲಾ? ಭಯವಾಗುತ್ತಿದೆ. ನಾನು ನಿನಗೆ ಇಫ್ ಮತ್ತು ವುಡ್ ಬರೆದು ಕಳಿಸಿದೆನಲ್ಲ, ಅದನ್ನೆಲ್ಲ ಮೇಜಿನ ಮುಂದೆ ಕೂತು ಬರೆದದ್ದು. ಇಲ್ಲಿ ಕೂತರೆ ಆ ವಾಕ್ಯ ಪೂರ್ತಿಯಾಗಿ ಬಾಯಿಗೆ ಬರುವುದಿಲ್ಲ.

ನೀನು ಮೇಲೆ ಆ ಕೋಣೆಯಲ್ಲಿ ಹೇಗಿದ್ದೀಯೋ. ಮ್ಯಾನೇಜರು ಮೆಟ್ಟಿಲು ಹತ್ತಿ ಬರುತ್ತಿರಬಹುದು. ಇಲ್ಲಿಂದ ಗ್ರೀಸಣ್ಣನ ಹಳದಿ ಟೋಪಿ ಕಾಣುತ್ತಿದೆ. ಮೊದಲ ಗೋಪುರ ಹತ್ತಿ ಇಳಿದ. ಎರಡನೆಯದರ ಮೇಲೆ ಇದ್ದಾನೆ. ಬಾವುಟ ಇನ್ನೂ ಬೀಸಿಲ್ಲ. ಅವನಿಗೆ ಏನಾದರೂ ಸಿಗಲಿ ಅಂತ ಒಂದು ಮನಸ್ಸು, ಸಿಗದಿರಲಿ ಅಂತ ಇನ್ನೊಂದು ಮನಸ್ಸು. ಸಿಗದಿದ್ದರೆ ನಿನ್ನ ಸೀಟು ಹೋಗುತ್ತದೆ. ಹೋದರೆ ನನ್ನ ಜೊತೆ ಬಂದುಬಿಡು ಅಂತ ಹೇಳಲು ಬಾಯಿಗೆ ಬರುತ್ತಿದೆ. ಹೇಳುವುದಿಲ್ಲ. ಅದು ನಿನ್ನ ಸೀಟು.

ನೀನು ತುಂಬದೆ ವಾಪಸ್ ಕಳಿಸಿದ ವಾಕ್ಯ ಪರ್ಸಿನಲ್ಲೇ ಇದೆ. ಅದನ್ನು ಹೊರಗೆ ತೆಗೆದು ನೋಡಿದೆ. ಉಳಿದರ್ಧ ನನಗೂ ಗೊತ್ತಿಲ್ಲ. ಖಾಲಿಯೇ ಇರಲಿ.

ಈಗಷ್ಟೇ ಯಜಮಾನರು ರೇಗಿದರು. "ಯಾವ ಪುಣ್ಯಾತ್ಮ ನಿಲ್ಲಿಸಿದ್ದು? ಓಡಿಸೋದಕ್ಕೆ ಬರದವರನ್ನೆಲ್ಲ ತಂದು ಕೂರಿಸ್ತಾರೆ" ಅಂದರು. ಆ ತಾಯಿಯೂ ತಲೆ ಆಡಿಸಿದಳು.

"ನಮ್ಮಮ್ಮ" ಅಂದೆ. "ನಿಲ್ಲಿಸಿದ್ದು ನಮ್ಮಮ್ಮ."

ಇಬ್ಬರೂ ನನ್ನ ಮುಖ ನೋಡಿದರು. "ಯಾಕೆ ನಿಲ್ಲಿಸಿದ್ರು?" ಅಂತ ಆ ತಾಯಿ ಕೇಳಿದಳು, ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡು.

"ಗೊತ್ತಿಲ್ಲ. ಕಂಬದ ಮೇಲೆ ಕೈ ಇಟ್ಟಿದ್ದಾಳೆ, ಅಷ್ಟು ಮಾತ್ರ ಗೊತ್ತು" ಅಂದೆ.

ಅವರಿಗೆ ಏನೂ ಅರ್ಥವಾಗಲಿಲ್ಲ. ತೊಟ್ಟಿಲು ಇನ್ನೂ ಹೊರಟಿಲ್ಲ. ನಾನು ಕಾಯುತ್ತಿದ್ದೇನೆ, ಕೈ ತೆಗೆಯಬೇಡ.

ನಿನ್ನ ಮಗಳು